ಹೈಕೊನ ಬಲ ಮೊಣಕಾಲು

ಹೈಕೊ ಬ್ರಿಂಕ್‌ಮಾನ್ ದಿನವೂ ಬೆಳಿಗ್ಗೆ ತನ್ನ ಮನೆಯ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುತ್ತಿದ್ದ. ಚಾವಣಿ ಕೆಲಸದವರು ಏಣಿ ಇಳಿಯುವ ಹಾಗೆ ಮುಖವನ್ನು ಮೆಟ್ಟಿಲಿನ ಕಡೆಗೆ ಮಾಡಿ, ಎರಡೂ ಕೈಯಲ್ಲಿ ಕಟಕಟೆ ಹಿಡಿದು, ಮೊದಲು ಬಲಗಾಲು, ಆಮೇಲೆ ಅದರ ಪಕ್ಕಕ್ಕೆ ಎಡಗಾಲು. ಅಡುಗೆಮನೆ ತಲುಪಿ ಕಾಫಿ ಕುಡಿದು ಮುಗಿಸುವ ಹೊತ್ತಿಗೆ ಬಲ ಮೊಣಕಾಲಿಗೆ ಬಿಸಿ ಹತ್ತಿ ಸಡಿಲವಾಗುತ್ತಿತ್ತು. ಆಮೇಲೆ ಅವನು ಎಲ್ಲರ ಹಾಗೆ ನಡೆಯುತ್ತಿದ್ದ. ಹೆಂಡತಿ ಆಂಕೆಗೆ ಇದು ಗೊತ್ತಿತ್ತು. ಆದರೆ ಅವಳು ಬಾಯಿಬಿಡುವವಳಲ್ಲ. ಊರಿನಲ್ಲಿ ಮತ್ತೆ ಯಾರಿಗೂ ಗೊತ್ತಿಲ್ಲವೆಂದೇ ಹೈಕೊನ ನಂಬಿಕೆ.

ಆ ಮೊಣಕಾಲನ್ನು ಕೆಡಿಸಿದ್ದು ಫುಟ್‌ಬಾಲ್ ಅಲ್ಲ, ಹೆಂಚು. ಅವರದು ಚಾವಣಿ ಹೊದಿಸುವ ಮನೆತನ. ಹದಿನಾರನೇ ವಯಸ್ಸಿಗೆ ಶಾಲೆ ಬಿಟ್ಟು ಅಪ್ಪನ ಹಿಂದೆ ಏಣಿ ಹತ್ತಿದವನು, ಅಂದಿನಿಂದ ಬೆಳಗಿನ ಹೊತ್ತೆಲ್ಲ ಹೆರ್ಡೆನ್‌ಬೆಕ್ ಊರಿನ ಚಾವಣಿಗಳ ಮೇಲೆ ಬಲಮಂಡಿ ಊರಿ ಹೆಂಚು ಕೂರಿಸುತ್ತ ಬಂದಿದ್ದ. ಮಧ್ಯಾಹ್ನವಾಯಿತೆಂದರೆ ಕೈ ತೊಳೆದು ಮೈದಾನಕ್ಕೆ ಹೊರಡುತ್ತಿದ್ದ. ಅಲ್ಲಿ ಅವನು ಊರಿನ ಕಪ್ಪು-ಹಸಿರು ಕ್ಲಬ್ಬಿನ ಎರಡನೇ ತಂಡದ ನಾಯಕ.

ಎರಡನೇ ತಂಡವೆಂದರೆ ಹುಡುಗರ ತಂಡ. ಇಪ್ಪತ್ತಮೂರು ದಾಟಿದವರು ಒಂದೇ ಹೊತ್ತಿಗೆ ಮೂವರಿಗಿಂತ ಹೆಚ್ಚು ಮಂದಿ ಮೈದಾನದಲ್ಲಿ ಇರಕೂಡದು ಎಂಬ ನಿಯಮವಿದೆ. ಆ ಮೂವರಲ್ಲಿ ಒಬ್ಬನಾಗಿ, ಬಲಬದಿ ಕಾಯುವ ಬ್ಯಾಕ್ ಆಗಿ, ಹೈಕೊ ಮೂವತ್ತೈದರವರೆಗೂ ಅಲ್ಲೇ ಉಳಿದಿದ್ದ. ಕ್ಲಬ್ಬಿನ ಕಟ್ಟಡದಲ್ಲಿ ಎರಡನೇ ತಂಡದ ಕೋಣೆ ಕೆಳಗಿತ್ತು. ಒಂದು ಕಬ್ಬಿಣದ ಮೆಟ್ಟಿಲು ಹತ್ತಿದರೆ ಮೇಲೆ ಮೊದಲನೇ ತಂಡದ ಕೋಣೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಒಮ್ಮೆ ಅವನನ್ನು ಮೇಲಕ್ಕೆ ಕರೆಯುತ್ತಾರೆಂಬ ಮಾತು ಬಂದಿತ್ತು. ಇಪ್ಪತ್ತೆರಡರಲ್ಲಿ ಇನ್ನೊಮ್ಮೆ ಬಂದಿತ್ತು. ಮಾತು ಮಾತಾಗಿಯೇ ಉಳಿಯಿತು. ಮೊದಲನೇ ತಂಡದ ಅಂಗಿ ತೊಟ್ಟು ಒಂದು ಪಂದ್ಯವನ್ನೂ ಅವನು ಆಡಿರಲಿಲ್ಲ. ಕ್ರಿಸ್ಮಸ್ ಊಟಕ್ಕೆ ಮಾತ್ರ ಆ ಮೆಟ್ಟಿಲು ಹತ್ತಿದ್ದ.

ಅವನ ಕೆಲಸ ಬೇರೆಯೇ ಆಗಿತ್ತು. ಅಭ್ಯಾಸ ಮುಗಿದ ಮೇಲೆ, ಪಾಪ್ಲರ್ ಮರಗಳ ಸಾಲಿನ ಪಕ್ಕದ ಅಂಚುಗೆರೆಯ ಬಳಿ ಹೈಕೊ ನಿಲ್ಲುತ್ತಿದ್ದ. ಮುಂಚೂಣಿಯ ಹುಡುಗರು ಒಬ್ಬೊಬ್ಬರಾಗಿ ಚೆಂಡು ತಂದು ಅವನನ್ನು ದಾಟಿ ಹೋಗಬೇಕು. ಅದಕ್ಕೆ ಅವರು ಗೆರೆಯಾಟ ಎನ್ನುತ್ತಿದ್ದರು. ಚೆಂಡು ಹೈಕೊನ ಕಾಲ ಸಂದಿಯಲ್ಲಿ ತೂರಿತೆಂದರೆ ಶುಕ್ರವಾರ ತಂಡಕ್ಕೆಲ್ಲ ಒಂದು ಪೆಟ್ಟಿಗೆ ಬಿಯರ್ ತರುವುದು ಹೈಕೊನ ಪಾಲು. ಅಂಥ ಶುಕ್ರವಾರಗಳು ಅಪರೂಪ. ಹೈಕೊನನ್ನು ದಾಟುವವನು ಮೇಲಿನ ಕೋಣೆಯನ್ನೂ ತಲುಪುತ್ತಾನೆ ಎಂದು ಕ್ಲಬ್ಬಿನಲ್ಲಿ ಅರ್ಧ ತಮಾಷೆಗೆ, ಅರ್ಧ ನಿಜಕ್ಕೇ ಹೇಳುತ್ತಿದ್ದರು. ದಾಟಿ ಮೇಲೆ ಹೋದವರ ಹೆಸರನ್ನು ಅವನು ಚಾವಣಿ ಮೇಲೆ ಕೂತು ಜೊತೆಗಾರರಿಗೆ ಹೇಳುತ್ತಿದ್ದ, ತಾನೇ ಎತ್ತಿ ಕೂರಿಸಿದ ಹೆಂಚುಗಳ ಲೆಕ್ಕ ಹೇಳುವ ಹಾಗೆ.

ಅವನ ಹತ್ತಿರ ಒಂದು ಗುಟ್ಟಿತ್ತು. ಬಲಕ್ಕೆ ತಿರುಗಿದರೆ ಮೈಭಾರವೆಲ್ಲ ಆ ಕೆಟ್ಟ ಮೊಣಕಾಲಿನ ಮೇಲೆ ಬೀಳುತ್ತದೆ. ಆದ್ದರಿಂದ ಅವನು ತನ್ನ ಬಲಭುಜವನ್ನು ಅಂಚುಗೆರೆಗೆ ಆನಿಸಿದಂತೆ ನಿಲ್ಲುತ್ತಿದ್ದ. ಗೆರೆಗೂ ಅವನಿಗೂ ನಡುವೆ ಒಂದು ಹಲಗೆಯಷ್ಟು ಜಾಗ. ಅಲ್ಲಿ ದಾರಿಯಿದೆ ಎಂದು ಯಾರಿಗೂ ತೋಚುತ್ತಿರಲಿಲ್ಲ. ಬಂದವರೆಲ್ಲ ಅವನ ಎಡಕ್ಕೇ ನುಗ್ಗುತ್ತಿದ್ದರು. ಎಡಕ್ಕೆ ಹೈಕೊ ಇಪ್ಪತ್ತರ ಹುಡುಗನೇ.

ಈಚಿನ ವರ್ಷಗಳಲ್ಲಿ ಅಮೆರಿಕದ ಹುಡುಗರು ಬರತೊಡಗಿದ್ದರು. ಹದಿನೆಂಟು ತುಂಬುವುದನ್ನೇ ಕಾದು, ತುಂಬಿದ ವಾರವೇ ವಿಮಾನ ಹತ್ತಿ, ಕಡಲು ದಾಟಿ, ಒಂದು ಚೀಲ ಬೂಟು ಹಿಡಿದು ಹೆರ್ಡೆನ್‌ಬೆಕ್ ನಿಲ್ದಾಣದಲ್ಲಿ ಇಳಿಯುತ್ತಿದ್ದರು. ಹೈಕೊಗೆ ಅದೇ ಮೊದಲ ಬೆರಗು. ತಾನು ಹದಿನೆಂಟರಲ್ಲಿ ಪಕ್ಕದ ಊರಿನ ಚಾವಣಿಗೆ ಹೋಗಲು ಅಮ್ಮನಿಂದ ಬುತ್ತಿ ಕಟ್ಟಿಸಿಕೊಂಡವನು. ಈ ಹುಡುಗರು ಭಾಷೆ ಬಾರದ ಊರಿಗೆ, ಟಿವಿಯಲ್ಲಿ ಕೂಡ ತೋರಿಸದ ತಂಡಕ್ಕೆ, ನಾಲ್ಕನೇ ದರ್ಜೆಯ ಪಂದ್ಯದಲ್ಲಿ ಹಳ್ಳಿಯ ಬಡಗಿಗಳಿಂದಲೂ ಅಂಚೆಯವರಿಂದಲೂ ಒದೆ ತಿನ್ನಲು ಅಷ್ಟು ದೂರ ಬರುತ್ತಾರಲ್ಲ ಎಂದು ಅವನು ಆಂಕೆಗೆ ಹೇಳುತ್ತಿದ್ದ. ಒಬ್ಬ ಓಹಾಯೊದವನು ನವೆಂಬರ್ ತಿಂಗಳ ಕತ್ತಲೆ ತಡೆಯಲಾರದೆ ವಾಪಸು ಹೋದ. ಅವನ ಪೆಟ್ಟಿಗೆಯನ್ನು ನಿಲ್ದಾಣದವರೆಗೆ ಹೊತ್ತುಕೊಟ್ಟಿದ್ದು ಹೈಕೊ. ಇನ್ನೊಬ್ಬ ಎರಡು ವರ್ಷ ಬೆವರು ಹರಿಸಿ, ಡೆನ್ಮಾರ್ಕಿನ ಸಣ್ಣ ಕ್ಲಬ್ಬೊಂದಕ್ಕೆ ಹೋಗಿ, ಈಗಲೂ ಕ್ರಿಸ್ಮಸ್‌ಗೆ ಕಾರ್ಡು ಹಾಕುತ್ತಾನೆ.

ಆಮೇಲೆ ಬಂದವನು ಆನ್ಸೆಲ್ ಟಫೋಯ. ಕೊಲೊರಾಡೊ ಸೀಮೆಯ ಪ್ವೆಬ್ಲೊ ಊರಿನವನು. ಉಕ್ಕಿನ ಕಾರ್ಖಾನೆಯ ಕೆಲಸಗಾರನ ಮಗ. ಸಣ್ಣ ಆಳು, ತಲೆಗಿಂತ ಕಾಲೇ ಮೊದಲು ಯೋಚಿಸುವಂಥ ನಡಿಗೆ. ಮೊದಲ ದಿನ ಕೋಣೆಗೆ ಬಂದವನು ಎಲ್ಲರ ಕಡೆಗೂ ಒಮ್ಮೆ ಕೈ ಬೀಸಿ, ಮೂಲೆಯ ಬೆಂಚಿನಲ್ಲಿ ಕೂತು ಬೂಟಿನ ದಾರ ಬಿಚ್ಚತೊಡಗಿದ. ಅಲ್ಲಿ ಬಂದವರು ಮಸಾಜು ಮಾಡುವವನಿಂದ ಹಿಡಿದು ಮೂಗು ಸುರಿಸುತ್ತಿರುವ ಗೋಲ್‌ಕೀಪರ್‌ವರೆಗೆ ಒಬ್ಬೊಬ್ಬರ ಕೈಯನ್ನೂ ಕುಲುಕಲೇಬೇಕು. ಹೈಕೊ ಎದ್ದು ಹೋಗಿ ಬಾಗಿಲು ತೆರೆದು ಹಿಡಿದ.

"ಹೊರಗೆ ಹೋಗಿ ಮತ್ತೆ ಬಾರೋ. ಈಗ ಬಂದಿದ್ದು ಯಾರಿಗೂ ಕಾಣಿಸ್ಲಿಲ್ಲ."

ಹುಡುಗ ಕೆಂಪಾಗಿ ಹೊರಗೆ ಹೋಗಿ, ಮತ್ತೆ ಒಳಗೆ ಬಂದು, ಎಲ್ಲರ ಕೈಯನ್ನೂ ಕುಲುಕಿದ. ಅಭ್ಯಾಸದಿಂದಲೋ ಗಾಬರಿಯಿಂದಲೋ ಎರಡನೇ ಸುತ್ತು ಕುಲುಕಲು ಹೊರಟಾಗ ಇಡೀ ಕೋಣೆ ನಕ್ಕಿತು. ಹೈಕೊನ ಕೈ ಹಿಡಿದು ಸರ್ ಎಂದ. ಇನ್ನೊಮ್ಮೆ ಸರ್ ಅಂದರೆ ಗೋಲುಕಂಬಗಳನ್ನೆಲ್ಲ ಒಬ್ಬನೇ ಹೊರಬೇಕಾಗುತ್ತದೆ ಎಂದು ಹೈಕೊ ಎಚ್ಚರಿಸಿದ. ಹುಡುಗ ಸರ್ ಅನ್ನುವುದನ್ನು ಬಿಡಲಿಲ್ಲ. ಕಂಬಗಳನ್ನು ಹೊತ್ತ.

ಆನ್ಸೆಲ್‌ಗೆ ಕ್ಲಬ್ಬು ಹುಡುಕಿಕೊಟ್ಟ ಬಾಡಿಗೆ ಕೋಣೆ ಹೈಕೊನ ಮನೆಯ ಮೇಲಟ್ಟದಲ್ಲೇ ಇತ್ತು. ಊಟ ಆಂಕೆಯದು. ಅವನ ಅಜ್ಜಿ ಪ್ವೆಬ್ಲೊದಿಂದ ಹುರಿದ ಮೆಣಸಿನಕಾಯಿಯ ಪುಡಿ ಕಳಿಸುತ್ತಿದ್ದಳು. ಆಂಕೆ ಒಂದು ದಿನ ಅದನ್ನು ಆಲೂಗಡ್ಡೆ ಸಾರಿಗೆ ಧಾರಾಳವಾಗಿ ಸುರಿದಳು. ಹೈಕೊ ಕಣ್ಣೀರು ಸುರಿಸುತ್ತ ಪೂರ್ತಿ ತಟ್ಟೆ ಮುಗಿಸಿದ. ಅಪ್ಪ ಸತ್ತಾಗಲೂ ಇಷ್ಟು ಅತ್ತಿರಲಿಲ್ಲ ನೀನು ಎಂದು ಆಂಕೆ ಅಂದಳು. ಅಂದಿನಿಂದ ಆ ಪುಡಿಯ ಸೀಸೆ ಉಪ್ಪಿನ ಪಕ್ಕದಲ್ಲಿ ಕಾಯಂ ಆಯಿತು.

ಆದರೆ ಆಟ. ಆ ಹುಡುಗನ ಆಟವನ್ನು ಹೇಗೆ ಹೇಳುವುದೆಂದು ಹೈಕೊಗೆ ತಿಳಿಯುತ್ತಿರಲಿಲ್ಲ. ಮೊದಲ ಚಳಿಗಾಲದಲ್ಲಿ ಆನ್ಸೆಲ್ ಬೀಳುತ್ತಿದ್ದ, ಜಾರುತ್ತಿದ್ದ, ಎದೆಗೆ ಮೊಣಕೈ ತಿಂದು ಉಸಿರು ಕಳಕೊಳ್ಳುತ್ತಿದ್ದ. ಎರಡನೆಯದರಲ್ಲಿ ಅದೇ ಮೊಣಕೈಗಳು ಅವನಿದ್ದ ಜಾಗದ ಗಾಳಿಗೆ ಬಡಿಯುತ್ತಿದ್ದವು. ಎಡ ಅಂಚಿನ ವಿಂಗಿನಲ್ಲಿ ಚೆಂಡು ಸಿಕ್ಕಿತೆಂದರೆ ಅವನು ಓಡುತ್ತಿರಲಿಲ್ಲ, ನಿಲ್ಲುತ್ತಿದ್ದ. ಎದುರಿನವನೂ ನಿಲ್ಲುತ್ತಿದ್ದ. ಒಂದು ಉಸಿರಿನಷ್ಟು ಹೊತ್ತು ಇಬ್ಬರೂ ಯಾರದೋ ಮಾತು ಕೇಳಿಸಿಕೊಳ್ಳುವವರ ಹಾಗೆ ಇರುತ್ತಿದ್ದರು. ಆಮೇಲೆ ನೋಡಿದರೆ ಎದುರಿನವನು ಮಾತ್ರ ಅಲ್ಲಿರುತ್ತಿದ್ದ. ಭಾನುವಾರ ಪಂದ್ಯ ನೋಡಲು ಬರುವ ಹತ್ತಿಪ್ಪತ್ತು ಮುದುಕರು, ಸಾಸೇಜು ಬಾಯಿಗಿಡುವುದನ್ನು ಮರೆತು ಕೂತಿರುತ್ತಿದ್ದರು.

ಹೀಗೆ ಎಲ್ಲರನ್ನೂ ದಾಟುತ್ತಿದ್ದ ಆನ್ಸೆಲ್, ಗೆರೆಯಾಟದಲ್ಲಿ ಹೈಕೊನನ್ನು ಮಾತ್ರ ದಾಟುತ್ತಿರಲಿಲ್ಲ. ದಿನವೂ ಹೈಕೊನ ಎಡಕ್ಕೇ ಬಂದು ದಿನವೂ ಚೆಂಡು ಕಳಕೊಳ್ಳುತ್ತಿದ್ದ. ಎರಡನೇ ತಂಡದ ಕೋಚ್ ಲೂಡ್ಗರ್ ತಲೆ ಕೆರೆದುಕೊಳ್ಳುತ್ತಿದ್ದ. ಜೂನ್ ಕೊನೆಗೆ ಹುಡುಗನ ಕರಾರು ಮುಗಿಯುವುದಿತ್ತು. ಮೇಲಕ್ಕೆ ತೆಗೆದುಕೊಳ್ಳದಿದ್ದರೆ ಅವನು ಪ್ವೆಬ್ಲೊಗೆ ವಾಪಸು ಹೋಗಬೇಕು. ಲೂಡ್ಗರ್ ಶಿಫಾರಸು ಮಾಡಿದಾಗ ಮೇಲಿನ ತಂಡದ ಕೋಚ್, ಮೊಣಕಾಲು ಸವೆದ ಹೆಂಚಿನವನನ್ನೇ ದಾಟಲಾರದವನು ನಮ್ಮ ಎದುರಾಳಿಗಳನ್ನು ಏನು ದಾಟುತ್ತಾನೆ ಎಂದು ಕೇಳಿದನಂತೆ. ಲೂಡ್ಗರ್ ಇದನ್ನು ಹೈಕೊಗೆ ಹೇಳುವಾಗ ಮೊಣಕಾಲಿನ ಮಾತು ಬಿಟ್ಟು ಹೇಳಿದ. ಹಾಗಾಗಿ ತನ್ನ ಗುಟ್ಟು ಗುಟ್ಟಾಗಿಯೇ ಇದೆಯೆಂದು ಹೈಕೊ ಇನ್ನೂ ನಂಬಿದ್ದ.

ಮೇ ತಿಂಗಳ ಕೊನೆಯ ವಾರ ಮೊದಲನೇ ತಂಡದ ಇಬ್ಬರು ಬ್ಯಾಕ್‌ಗಳಿಗೆ ಒಟ್ಟಿಗೇ ಗಾಯವಾಯಿತು. ಭಾನುವಾರ ವರ್ಷದ ಕೊನೆಯ ಪಂದ್ಯ, ತವರು ಮೈದಾನದಲ್ಲಿ. ಅದಕ್ಕೆ ಮುಂಚೆ ಬುಧವಾರ ಮೊದಲನೇ ತಂಡಕ್ಕೂ ಎರಡನೆಯದಕ್ಕೂ ಅಭ್ಯಾಸದ ಪಂದ್ಯ. ಲೂಡ್ಗರ್ ಬಂದು, ಬಲಬದಿಗೆ ಮೇಲೆ ಆಳಿಲ್ಲ, ಬುಧವಾರ ಹೈಕೊ ಅವರ ಕಡೆಗೆ ಆಡಲಿ ಎಂದು ಕೇಳುತ್ತಿದ್ದಾರೆ ಎಂದ. ಚೆನ್ನಾಗಿ ಆಡಿದರೆ ಭಾನುವಾರಕ್ಕೂ ಅವನೇ. ಹಾಗೆ ಹೇಳುವಾಗ ಲೂಡ್ಗರ್ ಅವನ ಮುಖ ನೋಡಲಿಲ್ಲ, ನೆಲ ನೋಡುತ್ತಿದ್ದ. ಹೈಕೊ ಸರಿ ಎಂದಷ್ಟೇ ಹೇಳಿ, ಸೈಕಲ್ ಹತ್ತಿ ಮನೆಗೆ ಬಂದು, ಅಂಗಳದಲ್ಲೇ ಇಳಿಯದೆ ನಿಂತುಬಿಟ್ಟ. ಕಿಟಕಿಯಿಂದ ನೋಡಿದ ಆಂಕೆ ಯಾರೋ ಸತ್ತರೆಂದುಕೊಂಡು ಓಡಿ ಬಂದಳು. ವಿಷಯ ಕೇಳಿದಳು. ಅವನ ಕೊರಳಪಟ್ಟಿಯನ್ನು ಸರಿಮಾಡಿ ಒಳಗೆ ಹೋದಳು.

ಬುಧವಾರ ಹೈಕೊ ಮೊದಲನೇ ತಂಡದ ಹಸಿರು ಅಂಗಿ ತೊಟ್ಟು ಬಲಬದಿಯಲ್ಲಿ ನಿಂತ. ಅವನೆದುರು, ಎಡ ವಿಂಗಿನಲ್ಲಿ, ಆನ್ಸೆಲ್. ಇದನ್ನು ಯಾರೂ ಮೊದಲೇ ಯೋಚಿಸಿರಲಿಲ್ಲ, ಅಥವಾ ಮೇಲಿನ ಕೋಚ್ ಒಬ್ಬನೇ ಯೋಚಿಸಿದ್ದ.

ಮೊದಲರ್ಧ ಹೈಕೊನದು. ಆನ್ಸೆಲ್ ಬಂದ, ನಿಂತ, ಹೈಕೊನ ಎಡಕ್ಕೆ ನುಗ್ಗಿದ. ಹೈಕೊ ಚೆಂಡು ಕಸಿದ. ಮತ್ತೆ ಬಂದ, ಮತ್ತೆ ಕಸಿದ. ಮೇಲಿನವರು ಭೇಷ್ ಮುದುಕ ಎಂದು ಚಪ್ಪಾಳೆ ತಟ್ಟಿದರು. ಹೈಕೊನ ಮೈಯೊಳಗೆ ಹತ್ತೊಂಬತ್ತರ ಹುಡುಗನೊಬ್ಬ ಎದ್ದು ಕೂತ. ಭಾನುವಾರದ ದೀಪ, ಜನ, ತನ್ನ ಹೆಸರು ಕೂಗುವ ಧ್ವನಿವರ್ಧಕ ಎಲ್ಲವೂ ಅವನಿಗೆ ಕೇಳಿಸತೊಡಗಿದವು.

ಅರ್ಧ ಮುಗಿಯುವ ಸ್ವಲ್ಪ ಮುಂಚೆ ಆನ್ಸೆಲ್ ಇನ್ನೊಮ್ಮೆ ಎದುರು ಬಂದು ನಿಂತ. ಆಗ ಹೈಕೊ ಹುಡುಗನ ಕಣ್ಣು ನೋಡಿದ. ಆ ಕಣ್ಣು ಗೆರೆಯ ಪಕ್ಕದ ಹಲಗೆಯಷ್ಟು ಜಾಗಕ್ಕೆ ಹೋಯಿತು. ಅಲ್ಲಿಂದ ಹೈಕೊನ ಬಲ ಮೊಣಕಾಲಿಗೆ ಬಂತು. ಆಮೇಲೆ ಹುಡುಗ, ಬಾಗಿಲು ತೆರೆದಿರುವುದನ್ನು ನೋಡಿಯೂ ಮುಂದೆ ಹೋಗುವ ಸಭ್ಯಸ್ಥನ ಹಾಗೆ, ಹೈಕೊನ ಎಡಕ್ಕೆ ತಿರುಗಿ ಚೆಂಡನ್ನು ಒಪ್ಪಿಸಿದ.

ಹೈಕೊ ಚೆಂಡನ್ನು ಹೊರಗೆ ಒದ್ದು ಸುಮ್ಮನೆ ನಿಂತ. ಎರಡು ಚಳಿಗಾಲದ ಗೆರೆಯಾಟಗಳೆಲ್ಲ ಒಮ್ಮೆಗೇ ಅವನ ಕಣ್ಣ ಮುಂದೆ ಬಂದವು.

ವಿರಾಮದಲ್ಲಿ ಎಲ್ಲರೂ ನೀರಿನ ಕಡೆ ಹೋದರು. ಹೈಕೊ ಹುಡುಗನನ್ನು ಪಾಪ್ಲರ್ ಮರದ ಹಿಂದಕ್ಕೆ ಕರೆದ.

"ಗೆರೆ ಪಕ್ಕ ಜಾಗ ಇರೋದು ನಿಂಗೆ ಕಾಣುತ್ತಾ?"

"ಕಾಣುತ್ತೆ."

"ಯಾವಾಗಿಂದ?"

"ನಾನು ಬಂದ ಚಳಿಗಾಲದಿಂದ."

"ಮತ್ಯಾಕೋ ಹೋಗಲ್ಲ ಅಲ್ಲಿ?"

ಆನ್ಸೆಲ್ ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತ, ಮತ್ತೆ ಹಿಂದಕ್ಕೆ ತಿರುಗಿಸುತ್ತ ನಿಂತ. "ನೀವು ಬೆಳಿಗ್ಗೆ ಮೆಟ್ಟಿಲು ಇಳಿಯೋದು ನೋಡಿದೀನಿ," ಎಂದ. "ಆ ಕಡೆಯಿಂದ ನಾನು ಹೋದ್ರೆ ನೀವು ತಿರುಗ್ಲೇಬೇಕು. ತಿರುಗಿದ್ರೆ ಮೊಣಕಾಲು ಕೈ ಕೊಡುತ್ತೆ. ಎಲ್ಲರ ಮುಂದೆ. ಭಾನುವಾರ ನಿಮಗೆ ಮೇಲೆ ಆಡೋದಿದೆ. ನಾನು ನಿಮ್ಮನೇಲಿ ಊಟ ಮಾಡೋನು ಸರ್."

ಹೈಕೊಗೆ ಮೊದಲು ನಾಚಿಕೆಯಾಯಿತು. ಆ ಮೇಲೆ ಬಂದದ್ದು ಕೋಪ. ಅದು ಚಾವಣಿಯ ಮೇಲೆ ಸುತ್ತಿಗೆ ಜಾರಿ ಬೆರಳಿಗೆ ಬಿದ್ದಾಗ ಬರುವಂಥ ಕೋಪ.

"ಊಟಕ್ಕೆ ಆಂಕೆಗೆ ಪಾತ್ರೆ ತೊಳೆದುಕೊಡು. ನನ್ನ ಮೊಣಕಾಲೇನು ನಿನ್ನಜ್ಜಿಯಾ, ಕೈ ಹಿಡಿದು ರಸ್ತೆ ದಾಟಿಸೋಕೆ? ಇಷ್ಟು ವರ್ಷ ಇಲ್ಲಿ ಯಾಕೆ ನಿಂತಿದೀನಿ ಅಂದ್ಕೊಂಡೆ? ನಿಮ್ಮಂಥೋರು ಬಂದು ದಾಟ್ಲಿ ಅಂತ. ದಾಟೋ ಶಕ್ತಿ ಇರೋನೇ ಅಯ್ಯೋ ಪಾಪ ಅಂತ ಪಕ್ಕಕ್ಕೆ ಸರಿದ್ರೆ, ನಾನು ನಿಂತಿದ್ದಕ್ಕೇನು ಅರ್ಥ?"

ಹುಡುಗ ತಲೆ ತಗ್ಗಿಸಿದ.

"ಬಿಟ್ಟುಕೊಡ್ತೀನಿ ಅಂತ ಮಾತ್ರ ಅಂದ್ಕೋಬೇಡ," ಎಂದ ಹೈಕೊ. "ಭಾನುವಾರ ನಂಗೂ ಬೇಕು. ಆ ಕಡೆ ಬಂದ್ಯೋ, ನಿನ್ನನ್ನ ಆ ಮರಕ್ಕೆ ನೇತು ಹಾಕ್ತೀನಿ."

ಆನ್ಸೆಲ್ ತಲೆ ಎತ್ತಿದ. "ಹಾಕಿ ನೋಡೋಣ, ಹೈಕೊ," ಎಂದ. ಸರ್ ಎನ್ನದೆ ಅವನು ಮಾತಾಡಿದ್ದು ಅದೇ ಮೊದಲು.

ಎರಡನೇ ಅರ್ಧದಲ್ಲಿ ಸ್ವಲ್ಪ ಹೊತ್ತು ಚೆಂಡು ಆ ಕಡೆ ಬರಲೇ ಇಲ್ಲ. ಕೊನೆಗೊಮ್ಮೆ ಉದ್ದಕ್ಕೆ ಹಾರಿ ಬಂತು. ಆನ್ಸೆಲ್ ಅದನ್ನು ಬಲಪಾದದ ಮೇಲೆ ಹಿಡಿದು, ಹಕ್ಕಿಮೊಟ್ಟೆ ಇಡುವ ಹಾಗೆ ಹುಲ್ಲಿನ ಮೇಲೆ ಇಟ್ಟು, ನಿಂತ. ಹೈಕೊ ನಿಂತ. ಗಾಳಿಗೆ ಪಾಪ್ಲರ್ ಎಲೆಗಳು ಮಗುಚುವುದು ಕೇಳಿಸುತ್ತಿತ್ತು. ಎಲ್ಲಿಂದ ಬರುತ್ತಾನೆಂದು ಹೈಕೊಗೆ ಗೊತ್ತಿತ್ತು. ತಾನೇ ಹೇಳಿಕೊಟ್ಟ ದಾರಿ. ಅವನು ಗೆರೆಗೆ ಇನ್ನೂ ಅರ್ಧ ಹೆಜ್ಜೆ ಸರಿದು, ಹಲಗೆಯಷ್ಟಿದ್ದ ಜಾಗವನ್ನು ಅಂಗೈಯಷ್ಟು ಮಾಡಿದ. ಇನ್ನು ಅಲ್ಲಿ ಬೆಕ್ಕು ಕೂಡ ತೂರಲಾರದು.

ಹುಡುಗನ ಬಲಭುಜ ಒಂದಿಷ್ಟು ಇಳಿಯಿತು. ಅಷ್ಟೇ. ಹೈಕೊಗೆ ಅದು ಸುಳ್ಳೆಂದು ಗೊತ್ತಿತ್ತು. ಗೊತ್ತಿದ್ದೂ ಅವನ ಮೈ ಆ ಭುಜದ ಮಾತು ಕೇಳಿತು. ಭಾರ ಒಂದು ಕೂದಲೆಳೆಯಷ್ಟು ಅತ್ತ ವಾಲಿತು. ವಾಲಿದ್ದಕ್ಕೆ ಅಂಗೈಯಷ್ಟಿದ್ದ ಜಾಗ ಹಲಗೆಯಷ್ಟಾಯಿತು. ಚೆಂಡು ಸುಣ್ಣದ ಗೆರೆಯ ಮೇಲೇ ಉರುಳಿತು, ಅದರ ಹಿಂದೆ ಬಿಳಿ ಪುಡಿ ಸಣ್ಣಗೆ ಎದ್ದಿತು. ಹೈಕೊ ತಿರುಗಿದ. ಮೊಣಕಾಲಿನ ಆಸೆ ಬಿಟ್ಟು, ಇದ್ದ ಬಲವೆಲ್ಲ ಹಾಕಿ, ಇಡೀ ಮೈಯನ್ನು ಅಡ್ಡ ಎಸೆದ. ಚೆಂಡಿಗೂ ಹುಡುಗನ ಕಾಲಿಗೂ ನಡುವೆ ಎಲ್ಲಿಯಾದರೂ ತನ್ನ ಕಾಲು ಹೋಗಲೇಬೇಕಿತ್ತು. ಹೋಗಲಿಲ್ಲ. ಚೆಂಡೂ ಹುಡುಗನೂ ಬೇರೆಬೇರೆಯಾಗಿ ಇರಲೇ ಇಲ್ಲ. ಅವನ ಕಿವಿಯ ಪಕ್ಕ ಏನೋ ಸುಳಿದು ಹೋದ ಸದ್ದಾಯಿತು, ಅಷ್ಟೆ.

ನೆಲದ ಮೇಲೆ ಬಿದ್ದಲ್ಲಿಂದ ಹೈಕೊ ತಲೆ ತಿರುಗಿಸಿ ನೋಡಿದ. ಆನ್ಸೆಲ್ ಗೆರೆಯುದ್ದಕ್ಕೂ ಹೋಗುತ್ತಿದ್ದ, ಗೆರೆಯೇ ಅವನನ್ನು ಎಳೆದುಕೊಂಡು ಹೋಗುತ್ತಿದೆಯೋ ಎಂಬ ಹಾಗೆ. ಗೋಲು ಬಿದ್ದದ್ದು ಹೈಕೊಗೆ ಕಾಣಲಿಲ್ಲ. ಅವನ ತಲೆಯಲ್ಲಿ ಇದ್ದದ್ದು ಒಂದೇ ವಿಷಯ. ಇಪ್ಪತ್ತರ ಮೊಣಕಾಲು ಇದ್ದಿದ್ದರೆ ಹಿಡಿಯುತ್ತಿದ್ದೆನೇ? ಪ್ರಾಮಾಣಿಕವಾಗಿ ಯೋಚಿಸಿದ. ಇಲ್ಲ. ಮೂರು ಮೊಣಕಾಲು ಇದ್ದರೂ ಇಲ್ಲ. ಬೇಸರವಾಗಬೇಕಿತ್ತು. ಬದಲಿಗೆ, ಚಿಕ್ಕಂದಿನಲ್ಲಿ ಮೊದಲ ಸಲ ಚರ್ಚಿನ ಗೋಪುರದ ಚಾವಣಿ ಹತ್ತಿ ಊರನ್ನು ಮೇಲಿಂದ ಕಂಡ ದಿನ ಆಗಿದ್ದಂತೆ ಎದೆ ಹಗುರಾಯಿತು. ಇಂಥದ್ದು ಜಗತ್ತಿನಲ್ಲಿ ಇದೆ, ಅದು ತನ್ನ ಪಕ್ಕದಲ್ಲೇ ಹಾದು ಹೋಯಿತು.

ಮೊಣಕಾಲಂತೂ ಆ ಸಂಜೆ ಕುಂಬಳಕಾಯಿ ಆಯಿತು. ಆಂಕೆ ಅದಕ್ಕೆ ಐಸು ಕಟ್ಟುತ್ತಿರುವಾಗ ಲೂಡ್ಗರ್ ಮನೆಗೇ ಬಂದ. ಭಾನುವಾರ ಬಲಬದಿಗೆ ಹತ್ತೊಂಬತ್ತರೊಳಗಿನವರ ತಂಡದಿಂದ ಒಬ್ಬನನ್ನು ತೆಗೆದುಕೊಂಡಿದ್ದಾರೆ ಎಂದ. ಹೈಕೊ ತಲೆಯಾಡಿಸಿದ. ಆಮೇಲೆ ಲೂಡ್ಗರ್ ಮೇಲಟ್ಟದ ಕಡೆ ಕಣ್ಣು ಮಾಡಿ, ಅವನ ಬೂಟನ್ನು ನಾಳೆ ಮೇಲಿನ ಕೋಣೆಗೆ ಸಾಗಿಸಬೇಕಂತೆ ಎಂದ. ಹೈಕೊ ಮಗ್ಗುಲಿಗೆ ತಿರುಗಿ ಗೋಡೆ ನೋಡಿದ. ಸಾರಿಗೆ ಆ ಮೆಣಸಿನಕಾಯಿ ಪುಡಿ ಹಾಕು ಎಂದು ಆಂಕೆಯನ್ನು ಕೇಳಿಕೊಂಡ. ಕಣ್ಣೀರಿಗೆ ಒಂದು ನೆಪ ಬೇಕಿತ್ತು, ಅದು ಅವಳಿಗೆ ಅರ್ಥವಾಯಿತು.

ಮರುದಿನ ಬೂಟು ಸಾಗಿಸಿದ್ದು ಆನ್ಸೆಲ್ಲೇ. ಮೆಟ್ಟಿಲು ಹತ್ತುವ ಮುಂಚೆ ಕೆಳಗಿನ ಕೋಣೆಯಲ್ಲಿ ಎಲ್ಲರ ಕೈ ಕುಲುಕಿದ. ಹೈಕೊನ ಹತ್ತಿರ ಬಂದಾಗ ಕೈ ಬಿಡಲಿಲ್ಲ. ಕಬ್ಬಿಣದ ಮೆಟ್ಟಿಲು ಜಾರುತ್ತದೆ, ಇಳಿಯುವಾಗ ಹುಷಾರು ಎಂದು ಹೈಕೊ ಹೇಳಿದ. ಹಿಮ್ಮುಖವಾಗಿ ಇಳಿಯುವುದನ್ನು ತಾನು ಕಲಿತಿದ್ದೇನೆ ಎಂದು ಹುಡುಗ ಉತ್ತರಿಸಿದ. ಪಕ್ಕದಲ್ಲಿದ್ದವರಿಗೆ ಏನೂ ತಿಳಿಯಲಿಲ್ಲ.

ಭಾನುವಾರ ಹೈಕೊ ಆಂಕೆಯ ಜೊತೆ ಪ್ರೇಕ್ಷಕರ ಮುಂದಿನ ಸಾಲಿನಲ್ಲಿ ಕೂತಿದ್ದ. ಕೈಯಲ್ಲಿ ಸಾಸೇಜು, ಅದರ ಮೇಲೆ ಸಾಸಿವೆ ಗೊಜ್ಜು. ಪಂದ್ಯ ಮುಗಿಯುತ್ತ ಬಂದಾಗ ಧ್ವನಿವರ್ಧಕ ಒಂದು ಹೊಸ ಹೆಸರು ಕೂಗಿತು, ಟಫೋಯ ಅನ್ನುವುದನ್ನು ತೊದಲುತ್ತ. ಜನ ಯಾರು ಯಾರು ಎಂದು ಪರಸ್ಪರ ಕೇಳಿದರು.

ಚೆಂಡು ಎಡಬದಿಗೆ ಬಂತು. ಆನ್ಸೆಲ್ ಅದನ್ನು ಇಟ್ಟು ನಿಂತ. ಎದುರಿನ ಬ್ಯಾಕ್ ನಿಂತ. ಎತ್ತರದ, ಚಿಗರೆಯಂಥ ಹುಡುಗ. ಹೈಕೊ ಮನಸ್ಸಿನಲ್ಲೇ, ಭುಜ ನೋಡಬೇಡ, ಭುಜ ನೋಡಬೇಡ ಎಂದ, ಯಾರಿಗೆ ಹೇಳುತ್ತಿದ್ದೇನೆಂದು ತಿಳಿಯದೆ. ಭುಜ ಒಂದಿಷ್ಟು ಇಳಿಯಿತು. ಬ್ಯಾಕ್ ವಾಲಿದ. ಅದೇ ಕ್ಷಣ ಕುರ್ಚಿಯಲ್ಲಿ ಕೂತಿದ್ದ ಹೈಕೊ ಕೂಡ ಎಡಕ್ಕೆ ವಾಲಿದ, ಗೊತ್ತಿದ್ದೂ, ಗೊತ್ತಿದ್ದೂ. ಸಾಸಿವೆಯೆಲ್ಲ ಆಂಕೆಯ ಕೋಟಿನ ಮೇಲೆ ಬಿತ್ತು. ಗೆರೆಯ ಮೇಲೆ ಬಿಳಿ ಪುಡಿ ಎದ್ದಿತು. ಇಡೀ ಮೈದಾನ ಉಸಿರೆಳೆದುಕೊಂಡ ಸದ್ದು ಕೇಳಿಸಿತು.

ಆಂಕೆ ಕೋಟು ಒರೆಸಿಕೊಳ್ಳುತ್ತ ಗಂಡನ ಮುಖ ನೋಡಿದಳು. ಹೈಕೊ ಆ ಕಡೆ ಬಿದ್ದಿದ್ದ ಬ್ಯಾಕ್‌ನನ್ನೇ ನೋಡುತ್ತಿದ್ದ. ಅವನು ಚಂಗನೆ ಎದ್ದು, ಎರಡೂ ಕಾಲು ಕೊಡವಿ, ವಾಪಸು ಓಡುತ್ತಿದ್ದ.

"ನೋಡಿದ್ಯೇನೇ," ಎಂದ ಹೈಕೊ. "ಅವನ ಮೊಣಕಾಲು ಎರಡೂ ಗಟ್ಟಿಯಾಗೇ ಇವೆ."